ಬಳ್ಳಿ ಗೋಡೆ ದಾಟುವ ತನಕ

ಯಮಕನಮರಡಿ
೧೮ ನವೆಂಬರ್ ೨೦೨೪

ಅಕ್ಕಾ,

ಪತ್ರ ನೋಡಿದ ಕೂಡಲೇ ಹರಿಯಬೇಡ. ಮೊದಲು ಓದು, ಆಮೇಲೆ ಬೇಕಾದರೆ ಹರಿ. ನವರಾತ್ರಿಯ ಘಟದ ಮುಂದೆ ಭಂಡಾರದ ಅರಿಶಿನ ಮುಟ್ಟಿ ನೀನು ಆಣೆ ಮಾಡಿದ್ದು ಮಾತಾಡುವುದಿಲ್ಲ ಎಂದು. ಬರೆಯುವುದಿಲ್ಲ ಎಂದೇನೂ ಅನ್ನಲಿಲ್ಲ. "ಈ ಬಳ್ಳಿ ಮತ್ತ ಚಿಗತು ಈ ಗ್ವಾಡಿ ದಾಟೂತನಕಾ ನಿನ್ನ ಜೋಡಿ ಮಾತಾಡಿದರ ಬೀರದೇವರ ಆಣಿ" ಎಂದೆ. ನಾನೇನು ಸುಮ್ಮನಿರುವವಳೇ? ಅದೇ ಭಂಡಾರವನ್ನು ಹಣೆಗೆ ಬಡಿದುಕೊಂಡು "ನಂದೂ ಅದ ಆಣಿ" ಎಂದುಬಿಟ್ಟೆ. ನಮ್ಮಿಬ್ಬರ ಬಾಯಿಗೆ ಹೆದರಿ ದೇವರೇ ಘಟ ಬಿಟ್ಟು ಎದ್ದು ಹೋಗದಿದ್ದದ್ದು ದೊಡ್ಡದು.

ಮಗಳು ಮಾಯಾ ನಿಡಸೋಸಿ ಕಾಲೇಜಿನಿಂದ ಬಂದಾಗ, "ಅವ್ವಾ, ಫೋನಿನಾಗ ದನಿ ತುಂಬಿ ಕಳಸು, ಅದೇನ ಎದುರಾ ಎದುರು ಮಾತಾಡಿದಂಗ ಅಲ್ಲ" ಎಂದಳು. ದನಿ ಅಂದ ಮೇಲೆ ಅದು ಮಾತೇ ಅಲ್ಲವೇ? ಹೋಗಲಿ, ಒತ್ತಿ ಬರೆಯೋಣ ಎಂದರೆ ನನ್ನ ಬೆರಳು ಒಂದು ಅಕ್ಷರಕ್ಕೆ ಹೋದರೆ ಇನ್ನೊಂದು ಬೀಳುತ್ತದೆ. ಅದಕ್ಕೇ ಹಾಳೆ, ಪೆನ್ನು.

ನನ್ನ ಪರವಾಗಿ ಒಂದು ಮಾತು. ನೀನು ತಮ್ಮ ದುರ್ಗಪ್ಪನ ಮನೆಗೆಂದು ಮೂಡಲಗಿಗೆ ಹೋಗಿದ್ದೆ. ಘಟ ಕೂರುವ ಹೊತ್ತಿಗೆ ಮನೆಯ ಗೋಡೆಗಳೆಲ್ಲ ಬೆಳ್ಳಗಿರಬೇಕಲ್ಲ, ಅಕ್ಕ ಒಬ್ಬಳೇ ಎಷ್ಟು ಮಾಡುತ್ತಾಳೆ ಎಂದು ನಾನು ಗೋಕಾಕಕ್ಕೆ ಬಂದೆ. ಹಿತ್ತಲ ಗೋಡೆಯ ತುಂಬ ಆ ಬಳ್ಳಿ. ಸುಣ್ಣ ಎಲ್ಲಿ ಬಳಿಯಲಿ? ಬುಡಕ್ಕೆ ಕುಡುಗೋಲು ಹಾಕಿ ಎಳೆದೆ. ಗೋಡೆ ಬಳಿದು ಉಳಿದ ಸುಣ್ಣದ ನೀರನ್ನು ಆ ಬುಡಕ್ಕೇ ಸುರಿದೆ. ನೀನು ಬಂದು ನೋಡಿ ಹೊಗಳುತ್ತೀ ಎಂದು ಬೇರೆ ಕಾಯುತ್ತಿದ್ದೆ, ನೋಡು ನನ್ನ ಹುಚ್ಚು.

ಈಗ ಮುಖ್ಯ ಸುದ್ದಿ. ಜಗಳಾಡಿ ಹೊರಡುವಾಗ ನಿನ್ನ ಯಜಮಾನರು, ನಮ್ಮ ಮಾಮಾ, ನುಗ್ಗೆಕಾಯಿ ಕೊಟ್ಟರು. ಕಟ್ಟಲು ಹುರಿ ಸಿಗಲಿಲ್ಲ. ಕಿತ್ತು ಬಿಸಾಕಿದ್ದ ಆ ಬಳ್ಳಿಯನ್ನೇ ಸುತ್ತಿ ಕಟ್ಟಿಕೊಂಡು ಬಂದೆ. ಇಲ್ಲಿ ನುಗ್ಗೆಕಾಯಿ ಸಾರಿಗೆ ಹೋಯಿತು, ಬಳ್ಳಿ ಬಚ್ಚಲ ಹಿಂದಿನ ನೀರಿನ ಡ್ರಮ್ಮಿನ ಬುಡಕ್ಕೆ ಹೋಯಿತು. ಮೊನ್ನೆ ಡ್ರಮ್ಮು ತೊಳೆಯಲು ಹೋದರೆ ಗೆಣ್ಣು ಗೆಣ್ಣಿಗೂ ಬಿಳಿ ಬೇರು! ತುದಿಯಲ್ಲಿ ಎರಡು ಎಲೆ, ಐದು ಬೆರಳು ಬಿಚ್ಚಿಕೊಂಡು.

ಇದನ್ನು ಹೇಗೆ ಸಾಕಬೇಕು, ಬರೆ. ಬರೆಯದಿದ್ದರೆ ನನಗೆ ತಿಳಿದ ಹಾಗೆ ಸಾಕುತ್ತೇನೆ. ಸತ್ತರೆ ಮತ್ತೆ ನನಗೆ ಬೈಯಬೇಡ.

ನಿನ್ನ ತಂಗಿ (ಇಲ್ಲವೆಂದರೂ ಹೌದು),
ಕಾಡವ್ವ


ಗೋಕಾಕ
೨೭ ನವೆಂಬರ್ ೨೦೨೪

ಕಾಡವ್ವಾ,

ಹರಿಯುವ ಮನಸ್ಸೇ ಇತ್ತು. ನಿಮ್ಮ ಮಾಮಾ ಕಸಿದುಕೊಂಡು ಜೋರಾಗಿ ಓದಿಬಿಟ್ಟರು. ಅಂದು ಏಣಿ ಹಿಡಿದು ನಿನಗೆ ಸುಣ್ಣದ ಬಕೀಟು ಎತ್ತಿ ಕೊಟ್ಟವರು ಅವರೇ ಎಂದು ನನಗೆ ಗೊತ್ತು. ಅವರ ಜೊತೆಗೂ ಮಾತು ಬಿಡಬೇಕಾಗಿತ್ತು. ಆದರೆ ಲೈನ್‌ಮನ್ ಕೆಲಸದಿಂದ ನಿವೃತ್ತರಾಗಿ ದಿನವಿಡೀ ಮನೆಯಲ್ಲೇ ಸುತ್ತುವ ಮನುಷ್ಯನ ಜೊತೆ ಮಾತು ಬಿಟ್ಟರೆ ಚಹಾ ಬೇಕೋ ಬೇಡವೋ ಎಂದು ಕೇಳುವುದು ಹೇಗೆ?

ಸಿಟ್ಟು ಇಳಿದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಶಾಲೆಯ ಮಕ್ಕಳ ಪ್ರವಾಸಕ್ಕೆಂದು ಊಟಿಗೆ ಹೋದಾಗ ಟಿಫಿನ್ ಡಬ್ಬಿಯಲ್ಲಿ ಒದ್ದೆ ಅರಿವೆ ಹಾಸಿ ತಂದ ಬಳ್ಳಿ ಅದು. ಐವಿ ತಂಪು ಊರಿನದು, ಗೋಕಾಕದ ಬಿಸಿಲಿಗೆ ಉಳಿಯುವುದಿಲ್ಲ ಎಂದು ಕಂಡವರೆಲ್ಲ ಹೇಳಿದರು. ಹಳೆಯ ಸೀರೆ ಕಟ್ಟಿ ನೆರಳು ಮಾಡಿ, ಎಲೆ ಎಲೆಗೂ ನೀರು ಚಿಮುಕಿಸಿ ಉಳಿಸಿದೆ. ಓಣಿಯಲ್ಲಿ ಅದಕ್ಕೆ 'ಟೀಚರ ಬಳ್ಳಿ' ಎಂದೇ ಹೆಸರು. ನಿವೃತ್ತಿಯ ದಿನ ಹಾಕಿದ ಶಾಲುಗಳನ್ನು ಯಾರಾದರೂ ಒಯ್ದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ನಾನು ಹಿತ್ತಲ ಬಾಗಿಲು ತೆಗೆದಾಗ ಗೋಡೆ ಹಲ್ಲು ಕಿಸಿದುಕೊಂಡು ನಿಂತಿತ್ತು.

ಬಳ್ಳಿಯ ವಿಚಾರ. ಡ್ರಮ್ಮಿನ ಬುಡದಿಂದ ಕೀಳಬೇಡ, ಮಣ್ಣು ಸಮೇತ ಎಬ್ಬಿಸು. ಕುಂಡಕ್ಕೆ ಕೆಂಪು ಮಣ್ಣು, ಮರಳು, ಒಂದಿಷ್ಟು ಹಳೆಯ ಗೊಬ್ಬರ ಸಾಕು. ನೀನು ಏನು ಬೆಳೆಸಿದರೂ ಸಗಣಿಯಲ್ಲಿ ಹೂಳುತ್ತೀ, ಅದು ಇದಕ್ಕೆ ನಡೆಯದು. ಬೆಳಕು ಬೇಕು, ಬಿಸಿಲು ಬೇಡ. ಮೇಲಿನ ಮಣ್ಣು ಒಣಗಿದೆಯೋ ಎಂದು ಬೆರಳು ಇಟ್ಟು ನೋಡಿ ಆಮೇಲೆ ನೀರು ಹಾಕು. ಪ್ರೀತಿ ಬಂತೆಂದು ದಿನಾ ಹುಯ್ದರೆ ಬೇರು ಕೊಳೆಯುತ್ತದೆ.

ಇಲ್ಲಿಯ ಬುಡ ಸತ್ತಿದೆ. ಕೆರೆದು ನೋಡಿದೆ, ಒಳಗೆ ಹಸಿರಿಲ್ಲ. ಇದ್ದರೆ ನಿನ್ನ ಹತ್ತಿರ ಇರುವುದೊಂದೇ.

ಅಲ್ಲವ್ವ


ಯಮಕನಮರಡಿ
೧೭ ಜನವರಿ ೨೦೨೫

ಅಕ್ಕಾ,

ಸಂಕ್ರಮಣ ಮುಗಿಸಿ ಮನೆ ಮುಟ್ಟಿದೆ. ಬರುವಾಗ ಕೈ ಖಾಲಿ ಇತ್ತು, ಅದಕ್ಕೇ ದಾರಿ ಉದ್ದ ಅನ್ನಿಸಿತು. ನಿಮ್ಮಲ್ಲಿಗೆ ಬರುವಾಗ ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆನಲ್ಲ, ಕಂಡಕ್ಟರ್ ಕೇಳಿದ: "ಏನವಾ ಅದು, ಎಲಿ ಬಳ್ಳಿ ಏನು?" ನಾನು ಹೇಳಿದೆ: "ಅಲ್ಲಪಾ, ನಮ್ಮಕ್ಕನ ಬಾಯಿ." ಅವನು ಮತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾವಿಬ್ಬರೂ ಆ ದಿನ ಬಳ್ಳಿ ನೆಡುವಾಗ ಮಾಡಿದ್ದನ್ನು ಮಾಯಾಗೆ ಹೇಳಿದರೆ ನಂಬಲಿಲ್ಲ. ನೀನು ಗೋಡೆಗೆ ಮುಖ ಮಾಡಿ "ಏ ಗ್ವಾಡಿ, ಕುಣಿ ಇನ್ನಾ ಆಳ ತೋಡಬೇಕಂತ ಯಾರಿಗರ ಹೇಳು" ಎಂದೆ. ನಾನು ಬಕೀಟಿಗೆ "ಏ ಬಕೀಟಾ, ಸೊಂಟಾ ಹಿಡದೈತಿ ಅಂತ ಹೇಳು" ಎಂದೆ. ಮಾಮಾ ನಡುವೆ ನಿಂತು, "ಇಬ್ಬರಿಗೂ ಟಪಾಲ ಪೆಟ್ಟಿಗಿ ಆಗಿ ನಾ ನಿಂತಿಲ್ಲೇನ್ರಿ? ಗ್ವಾಡಿ, ಬಕೀಟಾ ಬಿಟ್ಟು ನನಗರ ಹೇಳ್ರಿ" ಎಂದು ಕೂಗಾಡಿದರು. ಗೋಡೆಯಾಚೆಯಿಂದ ನೆರೆಮನೆಯ ಗುಡ್ಡಪ್ಪ ನಕ್ಕದ್ದು ನನಗೆ ಕೇಳಿಸಿತು. ಅವನ ಎಮ್ಮೆಯೂ ನಕ್ಕಿರಬೇಕು.

ಎಲ್ಲ ನಗೆಯೇ ಆಗಿತ್ತು, ಕುಸುರೆಳ್ಳು ಕೊಡುವ ತನಕ. ನಿನ್ನ ಕೈಗೆ ಇಟ್ಟೆ, ಕಾಲು ಮುಟ್ಟಿದೆ. ಆ ಹೊತ್ತಿಗೆ ಎಲ್ಲರೂ ಆಡುವ ಮಾತು ನನ್ನ ಬಾಯಿಗೆ ಬಂದಿತ್ತು, ನಿನ್ನ ಬಾಯಿಗೂ ಬಂದಿತ್ತು. ಇಬ್ಬರೂ ಎಳ್ಳು ಬಾಯಿಗೆ ಹಾಕಿಕೊಂಡು ಅಗಿದೆವು. ಬಸ್ಸಿನಲ್ಲಿ ಅದು ನೆನಪಾಗಿ ಅಳು ಬಂತು, ಕಿಟಕಿ ಕಡೆ ತಿರುಗಿ ಕುಳಿತೆ.

ಬಳ್ಳಿ ಬೇಗ ಹತ್ತಲಿ. ಗೋಡೆ ನಿನ್ನ ಕುತ್ತಿಗೆ ಮಟ್ಟ ಇದೆ, ಬಳ್ಳಿ ಗೇಣಿನಷ್ಟಿದೆ. ನೋಡುತ್ತಾ ಕೂತರೆ ಬೆಳೆಯುವುದಿಲ್ಲವಂತೆ, ನೋಡಬೇಡ.

ಕಾಡವ್ವ


ಗೋಕಾಕ
೧೨ ಏಪ್ರಿಲ್ ೨೦೨೫

ಕಾಡವ್ವಾ,

ನಿನ್ನ ಮೇಲಿನ ಸಿಟ್ಟು ಇಳಿಯುವ ಹೊತ್ತಿಗೆ ಮತ್ತೊಂದು ಕಾರಣ ಸಿಕ್ಕಿದೆ. ಬಳ್ಳಿ ಗೋಡೆಯನ್ನು ಹಿಡಿಯುತ್ತಿಲ್ಲ. ಸಣ್ಣ ಬೇರು ಬಿಟ್ಟು ಅಂಟಿಕೊಳ್ಳುತ್ತದೆ, ಎರಡು ದಿನಕ್ಕೆ ಸುಣ್ಣದ ಹಕ್ಕಳೆ ಸಮೇತ ಕಳಚಿ ನೆಲಕ್ಕೆ ಬೀಳುತ್ತದೆ. ಎಷ್ಟು ದಪ್ಪ ಬಳಿದಿದ್ದೀ, ತಾಯಿ! ಯಾವ ಮನೆಯಲ್ಲೂ ಇಷ್ಟು ಶ್ರದ್ಧೆಯಿಂದ ಸುಣ್ಣ ಬಳಿದದ್ದನ್ನು ನಾನು ಕಂಡಿಲ್ಲ. ಈಗ ತಂತಿ ಬ್ರಷ್ಷು ಹಿಡಿದು ಬೆಳಿಗ್ಗೆ ನಾನು, ಸಂಜೆ ನಿಮ್ಮ ಮಾಮಾ ಕೆರೆಯುತ್ತಿದ್ದೇವೆ. ಕೆಳಗಿನ ಕಲ್ಲುಗಳು ಕಾಣತೊಡಗಿವೆ. ಕಲ್ಲು ಕಂಡ ಜಾಗದಲ್ಲಿ ಬೇರು ಹಿಡಿದಿದೆ.

ಬಿಸಿಲು ಕಾದ ಹಂಚಾಗಿದೆ. ಎಲೆಯ ಹಿಂದೆ ಕೆಂಪು ನುಸಿ ಬಂದು ಎಲೆಯೆಲ್ಲ ಮಂಕಾದವು. ತಣ್ಣೀರಿನಲ್ಲಿ ಎಲೆಗಳ ಬೆನ್ನು ತೊಳೆದೆ, ಸೋಪಿನ ನೀರಿಗೆ ಬೇವಿನೆಣ್ಣೆ ಹಾಕಿ ಸಿಂಪಡಿಸಿದೆ. ಅರ್ಧ ಎಲೆ ಉದುರಿದವು. ನಿನ್ನೆ ತುದಿಯಲ್ಲಿ ಒಂದು ಹೊಸ ಮೊಗ್ಗು ಎದ್ದಿದೆ, ಅಕ್ಕಿ ಕಾಳಿನಷ್ಟು. ನಿಮ್ಮ ಮಾಮಾನಿಗೆ ಕನ್ನಡಕ ಹಾಕಿಸಿ ತೋರಿಸಿದೆ.

ಇನ್ನೊಂದು ವಿಷಯ. ಸಂಕ್ರಮಣಕ್ಕೆ ಬಂದಾಗ ದಿನವಿಡೀ ಕುತ್ತಿಗೆಗೆ ಸೆರಗು ಸುತ್ತಿಕೊಂಡಿದ್ದೆ. ಚಳಿ ಅಷ್ಟಿರಲಿಲ್ಲ. ನೀನು ಬಕೀಟಿಗೆ ಮಾತಾಡುವಾಗ ದನಿಯೂ ಒಡೆದಂತಿತ್ತು. ಕೇಳಬೇಕೆಂದರೆ ಬಾಯಿ ಕಟ್ಟಿದೆ. ಏನಾಗಿದೆ? ನಿಜ ಬರೆ, ಕಥೆ ಕಟ್ಟಬೇಡ.

ಅಕ್ಕ


ಯಮಕನಮರಡಿ
೯ ಜೂನ್ ೨೦೨೫

ಅಕ್ಕಾ,

ಮಳೆ ಶುರುವಾಗಿದೆ, ಇನ್ನು ನಿನ್ನ ಬಳ್ಳಿಗೆ ಸುಖ. ನಮ್ಮ ಯಜಮಾನರು ಮುತ್ತಪ್ಪ ಅವರ ಪಂಕ್ಚರ್ ಅಂಗಡಿಗೂ ಸುಖ. ಹೈವೇ ಮೇಲೆ ಮಳೆಯಲ್ಲಿ ಲಾರಿಗಳ ಟೈರು ಜಾಸ್ತಿ ಪಂಕ್ಚರಾಗುತ್ತವೆ ಎನ್ನುತ್ತಾರೆ. ಮಾಯಾಗೆ ಪರೀಕ್ಷೆ. ಸೌತೆ ಬೀಜ ಊರಿದ್ದೇನೆ, ಸಗಣಿಯಲ್ಲೇ.

ಇಷ್ಟು ಬರೆದು ಪತ್ರವನ್ನು ಮಡಚಿ ಇಟ್ಟಿದ್ದೆ. ಮತ್ತೆ ಬಿಚ್ಚಿದ್ದೇನೆ.

ಗಂಟಲಲ್ಲಿ ಗಡ್ಡೆ ಇದೆ ಅಕ್ಕಾ. ದೀಪಾವಳಿಯ ಹೊತ್ತಿಗೆ ಅಡಿಕೆಯಷ್ಟಿತ್ತು, ಈಗ ಸೆರಗು ಮುಚ್ಚಿದರೂ ಕಾಣುತ್ತದೆ. ಬೆಳಗಾವಿಯ ಡಾಕ್ಟರ್ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಜೀವಕ್ಕೆ ಹೆದರಿಕೆ ಇಲ್ಲವಂತೆ, ತೆಗೆಯಲೇಬೇಕಂತೆ. ಆದರೆ ದನಿಯ ನರಕ್ಕೆ ಗಡ್ಡೆ ಒತ್ತಿಕೊಂಡಿದೆ. "ಜ್ವಾಕಿಲೇ ಬಿಡಸ್ತೀವ್ರಿ, ಆದರ ದನಿ ಮೊದಲಿನಂಗ ಇರತೈತಿ ಅಂತ ಬರದು ಕೊಡಾಕ ಬರೂದಿಲ್ಲ" ಎಂದರು. ಕೆಲವರಿಗೆ ಪೂರ್ತಿ ಬರುತ್ತದೆ, ಕೆಲವರಿಗೆ ಪಿಸುಮಾತಷ್ಟೇ ಉಳಿಯುತ್ತದೆ. ಆಗಸ್ಟ್ ತಿಂಗಳಿಗೆ ಇಟ್ಟುಕೊಂಡಿದ್ದಾರೆ.

ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಮದುವೆ ಮನೆಯಲ್ಲಿ ಹಾಡಲು ನನ್ನನ್ನೇ ಕರೆಯುತ್ತಾರೆ. ಪಂಚಮಿಯ ಜೋಕಾಲಿ ಹಾಡು ನಾನು ಎತ್ತಿದ ಮೇಲೆಯೇ ಉಳಿದವರು ಎತ್ತುವುದು. ಅದೆಲ್ಲ ಹೋದರೆ ಹೋಗಲಿ. ಆದರೆ ಬಳ್ಳಿ ಗೋಡೆ ದಾಟುವ ಹೊತ್ತಿಗೆ ನನ್ನಲ್ಲಿ ದನಿಯೇ ಇಲ್ಲದಿದ್ದರೆ ನಮ್ಮ ಆಣೆ ಮುಗಿದು ಏನು ಬಂತು? ರಾತ್ರಿ ಅದೊಂದೇ ವಿಚಾರ ಬರುತ್ತದೆ.

ಬಳ್ಳಿ ಎಲ್ಲಿಯ ತನಕ ಬಂತು, ಬರೆ.

ಕಾಡವ್ವ


ಗೋಕಾಕ
೨ ಜುಲೈ ೨೦೨೫

ಕಾಡೀ,

ಮೊಣಕಾಲಿನ ಕೆಳಗಿದೆ. ದಿನಾ ನೋಡುತ್ತೇನೆ, ನೋಡಬೇಡ ಎಂದರೂ ನೋಡುತ್ತೇನೆ. ಮಳೆಗೆ ಎಲೆ ದೊಡ್ಡದಾಗಿವೆ. ಆದರೂ ನನ್ನ ಕುತ್ತಿಗೆ ಮಟ್ಟಕ್ಕೆ ಬರಲು ಇನ್ನೂ ಎರಡು ಮಳೆಗಾಲ ಬೇಕು.

ನಿನ್ನ ಪತ್ರ ಬಂದ ಮರುದಿನ ಮೂಡಲಗಿಗೆ ಹೋದೆ. ದುರ್ಗಪ್ಪ ಕುರಿ ಬಿಟ್ಟು ನನ್ನ ಜೊತೆ ಬೀರದೇವರ ಗುಡಿಗೆ ಬಂದ. ಪೂಜಾರಿ ಸಿದ್ರಾಮನ ಮುಂದೆ ಎಲ್ಲ ಹೇಳಿದೆ. ಕಾಯಿ ಒಡೆಸುತ್ತೇನೆ, ಕಂಬಳಿ ಹಾಸಿ ಅನ್ನ ಹಾಕಿಸುತ್ತೇನೆ, ಆಣೆಯಿಂದ ಬಿಡಿಸು ಎಂದು ಕೇಳಿಕೊಂಡೆ. ಅವನು ಭಂಡಾರದ ಬಟ್ಟಲನ್ನು ಬದಿಗೆ ಸರಿಸಿದ. ಆಮೇಲೆ, "ಬರೇ ಸಿಟ್ಟಿನಾಗ ಅಂದಿದ್ದರ ಭಂಡಾರ ಹಚ್ಚಿ ಬಿಡಸತಿದ್ದೆ ಟೀಚರ. ನೀವು ಗಡುವು ಹಾಕೀರಿ. ಬಳ್ಳಿ ಗ್ವಾಡಿ ದಾಟಬೇಕು ಅಂದೀರಿ. ದಾಟಬೇಕು" ಎಂದ. ನನ್ನ ನಾಲಗೆಗಿಷ್ಟು ಬೆಂಕಿ ಹಾಕ. 'ಮಾತಾಡುವುದಿಲ್ಲ' ಎಂದು ಅಷ್ಟಕ್ಕೇ ನಿಲ್ಲಿಸಲು ಆಗಲಿಲ್ಲ, ಪಾಠ ಹೇಳಿದ ಹಾಗೆ ವಿವರ ಬೇರೆ ಸೇರಿಸಿದೆ.

ನಿಮ್ಮ ಮಾಮಾ ಒಂದು ಉಪಾಯ ಹೇಳಿದರು. ಬಳ್ಳಿಯ ತುಂಡನ್ನು ಕುಂಡದಲ್ಲಿ ನೆಟ್ಟು ಆ ಕುಂಡವನ್ನೇ ಗೋಡೆಯ ನೆತ್ತಿಯ ಮೇಲೆ ಇಟ್ಟರೆ ಆಚೆ ಇಳಿಬೀಳುತ್ತದಲ್ಲ, ದಾಟಿದಂತೆಯೇ ಆಯಿತಲ್ಲ ಎಂದು. "ಬೀರದೇವರೇನ ಕುರುಡ ಅದಾನ್ರಿ?" ಎಂದು ಕೇಳಿದೆ. ಅವರು ಎದ್ದು ಪೇಪರ್ ಓದಲು ಹೋದರು. ಮೋಸ ಮಾಡಿ ಮಾತಾಡಿದ ಮೇಲೆ ಆಪರೇಷನ್ನಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ನಾನು ಬದುಕುವುದಾದರೂ ಹೇಗೆ? ನನಗೆ ಅಷ್ಟು ಧೈರ್ಯವಿಲ್ಲ.

ಚಿಕ್ಕಂದಿನಿಂದ ನಿನಗೆ ಹೇಳದ ಮಾತೊಂದಿದೆ. ನೀನು ಹಾಡುವಾಗ ನಾನು ಒಳಗೆ ಕೆಲಸ ಇದೆ ಎಂದು ಎದ್ದು ಹೋಗುತ್ತಿದ್ದೆನಲ್ಲ, ಕೆಲಸ ಏನೂ ಇರುತ್ತಿರಲಿಲ್ಲ. ಕಣ್ಣಲ್ಲಿ ನೀರು ಬರುತ್ತಿತ್ತು, ನೀನು ನೋಡಿದರೆ ಆಡಿಕೊಳ್ಳುತ್ತೀ ಎಂದು ಹೋಗುತ್ತಿದ್ದೆ.

ಅಕ್ಕ


ಯಮಕನಮರಡಿ
೪ ಆಗಸ್ಟ್ ೨೦೨೫

ಅಕ್ಕಾ,

ಪಂಚಮಿಗೆ ಮೂಡಲಗಿಯಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಮೂರು ದಿನ ಇದ್ದೆವು. ಅಳ್ಳಿಟ್ಟಿನ ಉಂಡೆ ಇಬ್ಬರೂ ಕೂಡಿ ಕಟ್ಟಿದೆವು. ನೀನು ಗೋಡೆಗೂ ಮಾತಾಡಲಿಲ್ಲ, ನಾನು ಬಕೀಟಿಗೂ ಮಾತಾಡಲಿಲ್ಲ. ಯಾಕೆಂದು ನನಗೂ ಗೊತ್ತು, ನಿನಗೂ ಗೊತ್ತು. ನಿನ್ನ ಮುಖ ನೋಡಿ ಆಡಬೇಕಾದದ್ದನ್ನು ಬಕೀಟಿಗೆ ಏನೆಂದು ಆಡಲಿ?

ಜೋಕಾಲಿಯ ಹತ್ತಿರ ಎಲ್ಲರೂ ನನ್ನ ಬಾಯಿ ನೋಡಿದರು. ಡಾಕ್ಟರ್ ಬೇಡ ಎಂದಿದ್ದಾರೆ ಎಂದು ಕೈಸನ್ನೆ ಮಾಡಿದೆ. ದುರ್ಗಪ್ಪನ ಹೆಂಡತಿ ಎತ್ತಿಕೊಂಡಳು, ಪಾಪ, ಕುರಿಗಳನ್ನು ಕೂಗಿ ಕರೆದಂತೆ ಇತ್ತು. ನೀನು ಕಟ್ಟೆಯ ಮೇಲೆ ಕೂತಿದ್ದೆ. ಈ ಸಲ ಎದ್ದು ಒಳಗೆ ಹೋಗಲಿಲ್ಲ. ನಾನು ನೋಡಿದೆ.

ಹದಿನೆಂಟಕ್ಕೆ, ಸೋಮವಾರ, ಅಡ್ಮಿಟ್ ಆಗಬೇಕು. ಮರುದಿನ ಆಪರೇಷನ್. ಮಾಯಾ ಬರುತ್ತಾಳೆ. ನೀನು ಬರಬೇಡ ಎನ್ನುವುದಿಲ್ಲ. ಆದರೆ ನೀನು ಬಂದು ಬಾಯಿ ಮುಚ್ಚಿಕೊಂಡು ಮಂಚದ ಬಾಜೂಕ ನಿಂತರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಬಾಯಿ ಬಿಟ್ಟರೆ ಆಣೆ ಮುರಿಯುತ್ತದೆ. ಅದಕ್ಕೇ ಮನೆಯಲ್ಲೇ ಇದ್ದು ಬಳ್ಳಿ ನೋಡಿಕೊ.

ದನಿ ಹೋದರೆ ಹೀಗೆಯೇ ಬರೆಯುತ್ತೇನೆ. ಅಕ್ಷರದಲ್ಲೂ ನಿನ್ನ ಜೊತೆ ಜಗಳ ಆಡಬಲ್ಲೆ ಎಂದು ಈಗ ಗೊತ್ತಾಗಿದೆ. ಒಂದೇ ಒಂದು ಆಸೆ ಉಳಿದಿದೆ. ಒಂದು ಸಲ ಗಟ್ಟಿಯಾಗಿ 'ಅಕ್ಕಾ' ಎಂದು ಕರೆಯಬೇಕು, ನೀನು ಒಳಗಿನಿಂದ "ಏನ ಬೇ?" ಎನ್ನಬೇಕು. ಅದು ಅಂಚೆಯಲ್ಲಿ ಬರುವುದಿಲ್ಲ.

ನಿನ್ನ
ಕಾಡಿ


೧೬ ಆಗಸ್ಟ್ ೨೦೨೫

ಕಾಡೀ,

ಈ ಪತ್ರ ಅಂಚೆಯಲ್ಲಿ ಬಂದಿಲ್ಲ. ನಿನ್ನ ಗಂಡನ ಕೈಯಲ್ಲಿ ಕೊಟ್ಟಿದ್ದೇನೆ. ನೀನು ಓದಿ ಮುಗಿಸುವ ತನಕ ಏನೂ ಹೇಳಕೂಡದು ಎಂದೂ ಮುತ್ತಪ್ಪನಿಗೆ ಹೇಳಿದ್ದೇನೆ. ನಡುವೆ ಅವನ ಮುಖ ನೋಡಬೇಡ, ಓದು.

ಮೊನ್ನೆ ಹಿತ್ತಲಲ್ಲಿ ನಿಂತು ಬಳ್ಳಿಯನ್ನು ನೋಡುತ್ತಿದ್ದೆ. ಮೊಣಕಾಲು ಮುಟ್ಟಿತ್ತು. ಅದರ ಮೇಲೆ ಸಿಟ್ಟು ಬಂತು, ಬಡವಿಯ ಮೇಲೆ ಏನು ಸಿಟ್ಟು ಎಂದು ಕೈಬಿಟ್ಟೆ. ತನ್ನ ಕೈಲಾದಷ್ಟು ಹತ್ತಿದೆ. ಆಮೇಲೆ ಗೋಡೆಯನ್ನು ನೋಡಿದೆ. ಬಳ್ಳಿ ಮೇಲೆ ಹೋಗಬೇಕು ಎಂದು ಇಷ್ಟು ತಿಂಗಳು ಕಾದೆ. ಗೋಡೆ ಕೆಳಗೆ ಬರಬಾರದು ಎಂದು ನಾನು ಆಣೆಯಲ್ಲಿ ಹೇಳಿದ್ದೆನೇ? ಹೇಳಿರಲಿಲ್ಲ.

ಆದರೂ ಸಿದ್ರಾಮನಿಗೆ ಫೋನ್ ಹಚ್ಚಿ ಕೇಳಿದೆ. "ಗ್ವಾಡಿ ನಿಮ್ದ ಏನ್ರಿ?" ಎಂದ. ನಮ್ಮದೇ ಎಂದೆ. "ಬಳ್ಳಿ ತನ್ನ ಬೇರಿಲೇ ಹತ್ತಿ ದಾಟತೈತಿ ಏನ್ರಿ?" ಎಂದ. ಹೌದು ಎಂದೆ. "ಹಂಗಾರ ದಾಟಿದಂಗ ಆತಲ್ರಿ. ನನ್ನ ಯಾಕ ಕೇಳತೀರಿ?" ಎಂದು ಇಟ್ಟುಬಿಟ್ಟ. ನಕ್ಕನೋ ಏನೋ, ಸರಿಯಾಗಿ ಕೇಳಿಸಲಿಲ್ಲ.

ಗುಡ್ಡಪ್ಪನನ್ನು ಕೇಳಿದೆ, ಅವನ ಹಿತ್ತಲು ಕಾಣುತ್ತದಲ್ಲ. "ಕೆಡವ್ರಿ ಟೀಚರ, ಆದರ ನನ್ನ ಎಮ್ಮಿ ನಿಮ್ಮ ಬಳ್ಳಿ ತಿಂದರ ನನಗ ಆಣಿ ಗೀಣಿ ಹಾಕಬ್ಯಾಡ್ರಿ" ಎಂದ. ಈ ದಿನ ಬೆಳಿಗ್ಗೆ ಗೋಡೆ ಕಟ್ಟುವ ಗೌಂಡಿ ಹಣಮಂತ ಬಂದ. ಇಡೀ ಗೋಡೆ ಬೇಡ, ಬಳ್ಳಿಯ ನೆತ್ತಿಯ ಮೇಲೆ ಎರಡು ಕೈ ಅಗಲ ಮಾತ್ರ ಕಲ್ಲು ತೆಗೆ ಎಂದೆ. "ಯಾಕ್ರಿ, ಬಾಗಲಾ ಇಡಸ್ತೀರೇನು?" ಎಂದು ಕೇಳಿದ. ಹೌದು, ಬಾಗಿಲೇ ಎಂದೆ. ಮೇಲಿನಿಂದ ಒಂದೊಂದೇ ಕಲ್ಲು ಇಳಿಸುತ್ತಾ ಬಂದ. ನೀನು ಬಳಿದ ಸುಣ್ಣ ನನ್ನ ತಲೆ, ಸೀರೆಯ ಮೇಲೆಲ್ಲ ಉದುರಿತು. ಮೊಣಕಾಲಿನ ಹತ್ತಿರ ಬಂದಾಗ ಸಾಕು ಎಂದೆ. ಬಳ್ಳಿಯ ತುದಿಯನ್ನು ನಾನು ಮುಟ್ಟಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ. ಮೇಲೆ ಕಲ್ಲಿಲ್ಲದ ಕೂಡಲೇ ಅದರ ತುದಿ ತಾನಾಗಿಯೇ ಬಾಗಿ ಆಚೆ ಗುಡ್ಡಪ್ಪನ ಹಿತ್ತಲನ್ನು ಇಣುಕಿತು. ಎರಡು ಎಲೆ ಆಚೆಗಿವೆ. ನಿಮ್ಮ ಮಾಮಾ ಸಾಕ್ಷಿ, ಗುಡ್ಡಪ್ಪ ಸಾಕ್ಷಿ, ಎಮ್ಮೆಯೂ ಸಾಕ್ಷಿ.

ಆಣೆ ಮುರಿಯುವುದು ತಪ್ಪು, ನಾನು ಮುರಿದಿಲ್ಲ. ಗೋಡೆ ಮುರಿದಿದ್ದೇನೆ, ಅದು ನನ್ನದು.

ಕೈ ತೊಳೆದುಕೊಂಡು ಸಿಕ್ಕ ಬಸ್ಸು ಹತ್ತಿದೆ. ತಲೆಯಲ್ಲಿ ಇನ್ನೂ ಸುಣ್ಣ ಇದೆ. ಹುಕ್ಕೇರಿ ಸ್ಟ್ಯಾಂಡಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನೇರ ಬಂದು ಮಾತಾಡಿದರೆ, ಅಕ್ಕ ಆಣೆ ಮುರಿದಳು ಎಂದು ನೀನು ಕಿವಿ ಮುಚ್ಚಿಕೊಂಡು ಓಡುತ್ತೀ, ನಿನ್ನನ್ನು ನಾನು ಬಲ್ಲೆ. ಅದಕ್ಕೇ ಮೊದಲು ಇದನ್ನು ಒಳಗೆ ಕಳಿಸಿದ್ದೇನೆ. ನಾಡಿದ್ದು ದವಾಖಾನೆಗೆ ನಾನೂ ಬರುತ್ತೇನೆ. ನಾಳೆ ಒಂದು ದಿನ ಪೂರ್ತಿ ನಮ್ಮದು. ಬೈಯುವುದು ಬಹಳ ಬಾಕಿ ಇದೆ.

ಓದಿದೆಯಲ್ಲ? ನಿನ್ನ ಅಂಗಳದಾಗ ತುಳಸಿಕಟ್ಟಿ ಬಾಜೂಕ ನಿಂತೇನಿ.

ಕರಿ.

ನಿನ್ನ ಅಕ್ಕ